ಲ್ಯಾಬಿಗೆ ಎಷ್ಟು ಜನ ಬೇಕು? ಪಿಯು ಕಾಲೇಜಿನ ಪ್ರಯೋಗಾಲಯ ಸಿಬ್ಬಂದಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಪ್ರಾಂಶುಪಾಲರು, ಕಾಲೇಜು ಅಭಿವೃದ್ಧಿ ಸಮಿತಿಯವರು, ಹೊಸದಾಗಿ ಬಂದ ಉಪನ್ಯಾಸಕರು, ಕೆಲವೊಮ್ಮೆ ಪೋಷಕರು ಕೂಡ ಲ್ಯಾಬ್ ಅಟೆಂಡರ್‌ಗಳ ಬಗ್ಗೆ ಇವೇ ಪ್ರಶ್ನೆಗಳನ್ನು ಕೇಳುತ್ತಿರುತ್ತಾರೆ. ಲ್ಯಾಬಿನ ಕೆಲಸವನ್ನು ಗಂಟೆಗಳಲ್ಲಿ ಎಣಿಸಿ ನೋಡಿದರೆ ಎಷ್ಟು ಜನ ಬೇಕು ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ. ಆದರೆ ಹಾಗೆ ಎಣಿಸುವವರು ಕಡಿಮೆ.

ಲ್ಯಾಬ್ ಅಟೆಂಡರ್ ಕೆಲಸ ಅಂದ್ರೆ ಏನು? ಬಾಗಿಲು ತೆಗೆಯೋದು, ಗ್ಲಾಸ್‌ವೇರ್ ತೊಳೆಯೋದು ಅಷ್ಟೇ ಅಲ್ವಾ?

ಅಷ್ಟೇ ಅಲ್ಲ. ದ್ರಾವಣ ತಯಾರಿಸಬೇಕು, ಬಾಟಲಿಗೆ ಲೇಬಲ್ ಅಂಟಿಸಬೇಕು, ಪ್ರತಿ ಟೇಬಲ್ಲಿಗೂ ಸಾಮಾನು ಜೋಡಿಸಬೇಕು. ಪ್ರಯೋಗ ನಡೆಯುವಾಗ ಕೈಗೆ ಸಿಗುವಂತೆ ಇರಬೇಕು. ಮುಗಿದ ಮೇಲೆ ತೊಳೆದು, ಎಣಿಸಿ, ಬೀರುವಿಗೆ ಇಡಬೇಕು. ಸ್ಟಾಕ್ ರಿಜಿಸ್ಟರ್ ಬರೆಯಬೇಕು. ಒಡೆದದ್ದು, ಕೆಟ್ಟದ್ದು, ಮುಗಿದದ್ದು ಯಾವುದು ಅಂತ ಉಪನ್ಯಾಸಕರಿಗೆ ಹೇಳಬೇಕು. ಸಣ್ಣಪುಟ್ಟ ರಿಪೇರಿ ಇರುತ್ತದೆ. ಗ್ಯಾಸ್, ನೀರು, ಸಿಂಕ್ ನೋಡಿಕೊಳ್ಳಬೇಕು. ಆಸಿಡ್ ಚೆಲ್ಲಿದರೆ ಮೊದಲು ಓಡುವವರು ಕೂಡ ಇವರೇ.

ಹುದ್ದೆಯ ಹೆಸರು ಒಂದೊಂದು ಕಡೆ ಒಂದೊಂದು. ಲ್ಯಾಬ್ ಅಟೆಂಡರ್, ಪ್ರಯೋಗಾಲಯ ಸಹಾಯಕ, ಪರಿಚಾರಕ. ಹುದ್ದೆಯೇ ಇಲ್ಲದ ಕಡೆ ಡಿ ಗ್ರೂಪ್ ನೌಕರರೊಬ್ಬರು ಈ ಕೆಲಸ ಮಾಡುತ್ತಿರುತ್ತಾರೆ. ಹೆಸರು ಯಾವುದೇ ಇರಲಿ, ಕೆಲಸ ಇದೇ.

ಎರಡು ಗಂಟೆ ಪ್ರಾಕ್ಟಿಕಲ್‌ಗೆ ಹಿಂದೆ ಮುಂದೆ ಅಷ್ಟೊಂದು ಕೆಲಸ ಇರುತ್ತದಾ?

ಒಂದೇ ಒಂದು ಪ್ರಯೋಗ ತೆಗೆದುಕೊಂಡು ನೋಡೋಣ. ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಮೋರ್ಸ್ ಸಾಲ್ಟ್ ಟೈಟ್ರೇಷನ್. ಅಂದರೆ ಅಳೆದಿಟ್ಟ ಮೋರ್ಸ್ ಸಾಲ್ಟ್ (ಒಂದು ಕಬ್ಬಿಣದ ಲವಣ) ದ್ರಾವಣಕ್ಕೆ ಬ್ಯುರೆಟ್ ಎಂಬ ಅಳತೆಯ ಕೊಳವೆಯಿಂದ ಪರ್ಮಾಂಗನೇಟನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ಬದಲಾಗುವ ಹನಿಯನ್ನು ಗುರುತಿಸುವ ಪ್ರಯೋಗ. ದ್ವಿತೀಯ ಪಿಯು ಸೈನ್ಸ್ ಓದಿದವರಿಗೆಲ್ಲ ಇದು ನೆನಪಿರುತ್ತದೆ.

ಒಂದು ಬ್ಯಾಚಿನಲ್ಲಿ 20 ಮಕ್ಕಳು. 10 ಎಂಎಲ್ ಪಿಪೆಟ್‌ನಲ್ಲಿ (ದ್ರಾವಣ ಅಳೆದು ತೆಗೆಯುವ ನಳಿಕೆ) ಮೋರ್ಸ್ ಸಾಲ್ಟ್ ದ್ರಾವಣ ತೆಗೆದು ತಲಾ 4 ಸಲ ಟೈಟ್ರೇಷನ್ ಮಾಡುತ್ತಾರೆ. ಅದು 40 ಎಂಎಲ್ ಆಯಿತು. ಪಿಪೆಟ್ ರಿನ್ಸ್ ಮಾಡಲು, ಬೀಕರಿನ ತಳದಲ್ಲಿ ಉಳಿಯುವುದಕ್ಕೆ ಅಂತ ಇನ್ನೊಂದು 20 ಸೇರಿಸಿ. ತಲಾ 60 ಎಂಎಲ್ ಅಂದರೆ ಬ್ಯಾಚಿಗೆ 1.2 ಲೀಟರ್. ವಾರಕ್ಕೆ 12 ಬ್ಯಾಚ್ ಇರುವ ಕಾಲೇಜಿನಲ್ಲಿ 14.4 ಲೀಟರ್ ಆಗುತ್ತದೆ. ಬ್ಯುರೆಟ್‌ಗೆ ಹಾಕುವ ಪರ್ಮಾಂಗನೇಟ್ ಕೂಡ ಹೆಚ್ಚುಕಡಿಮೆ ಅಷ್ಟೇ ಬೇಕು.

0.1 ಮೋಲಾರ್ ಸಾಂದ್ರತೆಯ ಮೋರ್ಸ್ ಸಾಲ್ಟ್ ದ್ರಾವಣಕ್ಕೆ ಲೀಟರಿಗೆ 39.2 ಗ್ರಾಂ ತೂಗಬೇಕು. ಸುಮ್ನೆ ನೀರಿಗೆ ಸುರಿದರೆ ಆಗುವುದಿಲ್ಲ. ಸ್ವಲ್ಪ ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್ ಸೇರಿಸದಿದ್ದರೆ ದ್ರಾವಣ ಕದಡಿದಂತಾಗಿ ಹಳದಿಗೆ ತಿರುಗುತ್ತದೆ. ಗಾಳಿ ತಾಗಿ ಶಕ್ತಿ ಕಳೆದುಕೊಳ್ಳುವುದರಿಂದ ಇಡೀ ವಾರದ್ದನ್ನು ಸೋಮವಾರವೇ ಮಾಡಿಡಲೂ ಆಗದು. ಆಗಾಗ ಹೊಸದಾಗಿ ಮಾಡಬೇಕು.

ಪರ್ಮಾಂಗನೇಟ್ ಇದಕ್ಕೆ ತದ್ವಿರುದ್ಧ. 0.02 ಮೋಲಾರ್‌ಗೆ ಲೀಟರಿಗೆ 3.16 ಗ್ರಾಂ. ಕಡು ನೇರಳೆ ಬಣ್ಣದಲ್ಲಿ ತಳದಲ್ಲಿ ಕರಗದ ಹರಳು ಉಳಿದಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಹಿಂದಿನ ದಿನವೇ ಮಾಡಿ, ಒಂದು ರಾತ್ರಿ ಬಿಟ್ಟು, ಗ್ಲಾಸ್ ವೂಲ್‌ನಲ್ಲಿ ಸೋಸಿ, ಕಂದು ಬಾಟಲಿಗೆ ತುಂಬಿಡಬೇಕು. ಫಿಲ್ಟರ್ ಪೇಪರಿನಲ್ಲಿ ಸೋಸಿದರೆ ಪೇಪರ್ ಜೊತೆಗೇ ರಿಯಾಕ್ಷನ್ ಆಗಿ ದ್ರಾವಣ ಹಾಳಾಗುತ್ತದೆ. ಇದನ್ನು ಗೊತ್ತಿದ್ದವರು ಹೇಳಿಕೊಡಬೇಕು.

ಇದರ ಜೊತೆಗೆ ಒಂದೊಂದು ಟೈಟ್ರೇಷನ್‌ಗೂ ಒಂದು ಟೆಸ್ಟ್ ಟ್ಯೂಬ್ ಡೈಲ್ಯೂಟ್ ಆಸಿಡ್ ಬೇಕು. ಟ್ಯೂಬಿಗೆ 20 ಎಂಎಲ್ ಹಿಡಿದರೂ ಬ್ಯಾಚಿಗೆ 1.6 ಲೀಟರ್. ಬ್ಯುರೆಟ್‌ನ ಸ್ಟಾಪ್‌ಕಾಕ್ ಸೋರುತ್ತಿದೆಯಾ ನೋಡಬೇಕು. ಪ್ರಯೋಗ ಮುಗಿದ ಮೇಲೆ 20 ಬ್ಯುರೆಟ್, 20 ಪಿಪೆಟ್, 20 ಕೋನಿಕಲ್ ಫ್ಲಾಸ್ಕ್ ತೊಳೆಯಬೇಕು. ಬ್ಯುರೆಟ್‌ನೊಳಗೆ ಕಂದು ಕಲೆ ಕೂತಿದ್ದರೆ ಬರೀ ನೀರಿಗೆ ಹೋಗುವುದಿಲ್ಲ, ಆಕ್ಸಾಲಿಕ್ ಆಸಿಡ್ ಹಾಕಿ ಬಿಡಿಸಬೇಕು. ಎಲ್ಲ ಸೇರಿ ಎರಡು ಗಂಟೆಯ ಪ್ರಾಕ್ಟಿಕಲ್‌ಗೆ ಕಮ್ಮಿ ಅಂದರೂ ಒಂದೂವರೆ ಗಂಟೆ ಹಿಂದೆ ಮುಂದಿನ ಕೆಲಸ ಇದೆ ಅನ್ನೋದು ನನ್ನ ಅಂದಾಜು. ಟೈಮ್‌ಟೇಬಲ್‌ನಲ್ಲಿ ಆ ಒಂದೂವರೆ ಗಂಟೆ ಎಲ್ಲೂ ಕಾಣುವುದಿಲ್ಲ.

ಇದು ಕೆಮಿಸ್ಟ್ರಿ ಮಾತಾಯ್ತು. ಫಿಸಿಕ್ಸ್, ಬಯಾಲಜಿಗೆ ಅಷ್ಟು ಬೇಕಾಗಲ್ಲ ಅಲ್ವಾ?

ಬಯಾಲಜಿಯಲ್ಲಿ ದಿನಗಟ್ಟಲೆ ಮುಂಚೆ ಶುರು ಮಾಡಬೇಕಾದ ಕೆಲಸ ಇರುತ್ತದೆ. ಈರುಳ್ಳಿ ಬೇರಿನ ತುದಿಯಲ್ಲಿ ಮೈಟಾಸಿಸ್ (ಜೀವಕೋಶ ವಿಭಜನೆ) ನೋಡುವ ಪ್ರಯೋಗ ಸೋಮವಾರ ಇದೆ ಅಂದುಕೊಳ್ಳಿ. ಹಿಂದಿನ ವಾರವೇ ಈರುಳ್ಳಿಯನ್ನು ಅದರ ಬುಡ ನೀರಿಗೆ ತಾಗುವಂತೆ ಗ್ಲಾಸಿನ ಬಾಯಿ ಮೇಲೆ ಕೂರಿಸಬೇಕು. ಬೇರು ಬರಲು ಮೂರರಿಂದ ಆರು ದಿನ ಹಿಡಿಯುತ್ತದೆ. ಬೆಳಗ್ಗೆ ಹೊತ್ತು ತುದಿ ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಸಿಡ್, ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರಾವಣದಲ್ಲಿ ಒಂದು ದಿನ ನೆನೆಸಬೇಕು. ಆಮೇಲೆ 70 ಪರ್ಸೆಂಟ್ ಆಲ್ಕೋಹಾಲಿಗೆ ಹಾಕಿಡಬೇಕು. ಆ ವಾರ ಅಟೆಂಡರ್ ಬೇರೆ ಕೆಲಸಕ್ಕೆ ಹೋಗಿದ್ದರೆ ಸೋಮವಾರ ಮಕ್ಕಳಿಗೆ ಸಿಗುವುದು ಹಳೇ ಪರ್ಮನೆಂಟ್ ಸ್ಲೈಡ್.

ಫಿಸಿಕ್ಸ್‌ನಲ್ಲಿ ದ್ರಾವಣ ಇಲ್ಲ, ರಿಪೇರಿ ಇದೆ. ಮೀಟರ್ ಬ್ರಿಜ್‌ನ ವೈರ್, ಗ್ಯಾಲ್ವನೋಮೀಟರ್, ಬ್ಯಾಟರಿ ಎಲಿಮಿನೇಟರ್, ಸಡಿಲವಾದ ಟರ್ಮಿನಲ್. ಕನೆಕ್ಷನ್ ವೈರ್‌ಗಳ ತುದಿಯನ್ನು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಇಡದಿದ್ದರೆ ಸರ್ಕ್ಯೂಟ್ ಸರಿ ಇದ್ದರೂ ಡಿಫ್ಲೆಕ್ಷನ್ ಬರುವುದಿಲ್ಲ, ಮೀಟರಿನ ಮುಳ್ಳು ಅಲುಗುವುದಿಲ್ಲ. ತಪ್ಪು ತನ್ನದೇ ಅಂದುಕೊಂಡು ಹುಡುಗಿ ಅರ್ಧ ಗಂಟೆ ತಲೆ ಕೆಡಿಸಿಕೊಳ್ಳುತ್ತಾಳೆ.

ಎಷ್ಟು ಜನ ಬೇಕು ಅಂತ ಲೆಕ್ಕ ಹಾಕೋಕೆ ಏನಾದರೂ ಸೂತ್ರ ಇದೆಯಾ?

ಇದೆ. ಇಂಗ್ಲೆಂಡಿನ ಶಾಲೆಗಳಲ್ಲಿ ಈ ಕೆಲಸಕ್ಕೆ ಸೈನ್ಸ್ ಟೆಕ್ನಿಷಿಯನ್ ಅಂತ ಪ್ರತ್ಯೇಕ ಹುದ್ದೆ ಇದೆ. ಶಾಲಾ ಪ್ರಯೋಗಗಳಿಗೆ ಸಲಹೆ ಕೊಡುವ ಕ್ಲೀಪ್ಸ್ ಎಂಬ ಸಂಸ್ಥೆ ಅಲ್ಲಿದೆ. ಟೆಕ್ನಿಷಿಯನ್‌ಗಳ ಸಂಖ್ಯೆಯನ್ನು ಅಳೆಯಲು ಅಲ್ಲಿ ಸರ್ವಿಸ್ ಫ್ಯಾಕ್ಟರ್ ಅನ್ನುವ ಲೆಕ್ಕ ಬಳಕೆಯಲ್ಲಿದೆ. ವಾರಕ್ಕೆ ಟೆಕ್ನಿಷಿಯನ್‌ಗಳೆಲ್ಲ ಸೇರಿ ಎಷ್ಟು ಗಂಟೆ ಕೆಲಸ ಮಾಡುತ್ತಾರೋ ಅದನ್ನು, ವಾರಕ್ಕೆ ನಡೆಯುವ ಒಟ್ಟು ವಿಜ್ಞಾನ ಪಾಠದ ಗಂಟೆಗಳಿಂದ ಭಾಗಿಸಬೇಕು. ಉತ್ತರ 0.85 ಬಂದರೆ ಎಲ್ಲ ಕೆಲಸವೂ ಸರಿಯಾಗಿ ನಡೆಯುತ್ತದೆ ಅಂತ ಅರ್ಥ. ಅದು ಇಳಿದಷ್ಟೂ ಒಂದೊಂದೇ ಕೆಲಸ ಬಿಟ್ಟುಹೋಗುತ್ತದೆ. 0.45ಕ್ಕೆ ಬಂದರೆ ಕೊರತೆ ಎದ್ದು ಕಾಣುತ್ತದೆ.

ಒಂದು ಉದಾಹರಣೆ. ಆರು ಲ್ಯಾಬ್, ಒಂದೊಂದರಲ್ಲೂ ವಾರಕ್ಕೆ 25 ಗಂಟೆ ಪಾಠ. ಒಟ್ಟು 150 ಗಂಟೆ. 0.85ರಿಂದ ಗುಣಿಸಿದರೆ 127.5 ಗಂಟೆ. ಒಬ್ಬರಿಗೆ ವಾರಕ್ಕೆ 37 ಗಂಟೆ ಕೆಲಸ ಅಂದರೆ ಮೂರೂವರೆ ಜನ ಬೇಕಾಯಿತು.

ಈ ಲೆಕ್ಕದಲ್ಲಿ ನನಗೆ ಇಷ್ಟವಾಗುವುದು ಒಂದೇ ವಿಷಯ. ಇದು ಕಟ್ಟಡ ಎಣಿಸುವುದಿಲ್ಲ, ಮಂಜೂರಾದ ಹುದ್ದೆ ಎಣಿಸುವುದಿಲ್ಲ. ಪಾಠದ ಗಂಟೆ ಎಣಿಸುತ್ತದೆ. ಸೆಕ್ಷನ್ ಜಾಸ್ತಿ ಆದರೆ ಕೈಗಳೂ ಜಾಸ್ತಿ ಬೇಕು ಅನ್ನೋದು ಅದರೊಳಗೇ ಇದೆ.

ಅಲ್ಲಿನ ಗ್ಯಾಟ್ಸ್‌ಬಿ ಫೌಂಡೇಷನ್ 2017ರಲ್ಲಿ ಒಳ್ಳೆಯ ಪ್ರಾಯೋಗಿಕ ವಿಜ್ಞಾನಕ್ಕೆ ಹತ್ತು ಮಾನದಂಡಗಳನ್ನು ಪ್ರಕಟಿಸಿತು. ಸರ್ ಜಾನ್ ಹೋಲ್ಮನ್ ಅದರ ನೇತೃತ್ವ ವಹಿಸಿದ್ದರು. ಸಾಕಷ್ಟು ತಾಂತ್ರಿಕ ಸಿಬ್ಬಂದಿ ಇರಬೇಕು ಅನ್ನೋದು ಅದರಲ್ಲಿ ಪ್ರತ್ಯೇಕವಾದ ಒಂದು ಮಾನದಂಡ.

ಅದು ಇಂಗ್ಲೆಂಡ್. ನಮ್ಮ ಪಿಯು ಕಾಲೇಜಿಗೆ ಅದನ್ನು ಹೇಗೆ ಹಾಕೋದು?

ಒಂದು ವ್ಯತ್ಯಾಸ ಗಮನದಲ್ಲಿ ಇಟ್ಟುಕೊಳ್ಳಬೇಕು. ಅಲ್ಲಿ ಪಾಠ, ಪ್ರಯೋಗ ಎರಡೂ ಹೆಚ್ಚಾಗಿ ಒಂದೇ ತರಗತಿಯಲ್ಲಿ ನಡೆಯುತ್ತವೆ. ನಮ್ಮಲ್ಲಿ ಥಿಯರಿ ಬೇರೆ, ಪ್ರಾಕ್ಟಿಕಲ್ ಬೇರೆ. ಹಾಗಾಗಿ ಎರಡನ್ನೂ ಕೂಡಿಸಿ ಲೆಕ್ಕ ಹಾಕುವುದು ಸರಿ.

ಪ್ರಥಮ ಪಿಯುನಲ್ಲಿ ಎರಡು, ದ್ವಿತೀಯದಲ್ಲಿ ಎರಡು, ಒಟ್ಟು ನಾಲ್ಕು ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಸೆಕ್ಷನ್ ಇವೆ ಎಂದುಕೊಳ್ಳೋಣ. ಒಂದು ಸೆಕ್ಷನ್‌ನಲ್ಲಿ 60 ಮಕ್ಕಳು, 20ರಂತೆ ಮೂರು ಬ್ಯಾಚ್. ಪ್ರತಿ ವಿಷಯಕ್ಕೆ ವಾರಕ್ಕೆ 4 ಗಂಟೆ ಥಿಯರಿ, ಪ್ರತಿ ಬ್ಯಾಚಿಗೆ 2 ಗಂಟೆ ಪ್ರಾಕ್ಟಿಕಲ್.

ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರಕ್ಕೂ ಸೇರಿ ಥಿಯರಿ 48 ಗಂಟೆ. ಪ್ರಾಕ್ಟಿಕಲ್ 72 ಗಂಟೆ. ಒಟ್ಟು 120. 0.85ರಿಂದ ಗುಣಿಸಿದರೆ 102 ಗಂಟೆ. ಒಬ್ಬರಿಗೆ ವಾರಕ್ಕೆ 38 ಗಂಟೆ ಕೆಲಸ ಎಂದಿಟ್ಟುಕೊಂಡರೆ ಸುಮಾರು 2.7 ಜನ. ಅಂದರೆ ಲ್ಯಾಬಿಗೆ ಒಬ್ಬರಂತೆ ಮೂರು ಜನ. ಲ್ಯಾಬಿಗೊಬ್ಬ ಅಟೆಂಡರ್ ಬೇಕು ಅಂತ ಹಿರಿಯ ಉಪನ್ಯಾಸಕರು ಮೊದಲಿನಿಂದಲೂ ಹೇಳುತ್ತಾ ಬಂದಿರುವುದಕ್ಕೆ ಈ ಲೆಕ್ಕ ಸರಿಯಾಗಿ ಹೊಂದುತ್ತದೆ.

ಅದೇ ಕಾಲೇಜಿನಲ್ಲಿ ಮೂರೂ ಲ್ಯಾಬಿಗೆ ಒಬ್ಬರೇ ಇದ್ದರೆ? 38 ಭಾಗಿಸು 120, ಅಂದರೆ ಸುಮಾರು 0.32. ಆ ಒಬ್ಬರನ್ನೂ ಅರ್ಧ ದಿನ ಆಫೀಸ್ ಕೆಲಸಕ್ಕೆ ಎಳೆದುಕೊಂಡರೆ 0.16.

ನಮ್ಮದು ಚಿಕ್ಕ ಕಾಲೇಜು. ವರ್ಷಕ್ಕೆ ಒಂದೇ ಸೈನ್ಸ್ ಸೆಕ್ಷನ್. ನಮಗೂ ಮೂರು ಜನ ಬೇಕಾ?

ಬೇಡ. 40 ಮಕ್ಕಳ ಎರಡು ಸೆಕ್ಷನ್, ತಲಾ ಎರಡು ಬ್ಯಾಚ್ ಇದ್ದರೆ ಥಿಯರಿ 24, ಪ್ರಾಕ್ಟಿಕಲ್ 24, ಒಟ್ಟು 48 ಗಂಟೆ. 0.85ರ ಲೆಕ್ಕದಲ್ಲಿ 41 ಗಂಟೆ. ಕೆಲಸ ಬಲ್ಲ ಒಬ್ಬರು ಹೆಚ್ಚುಕಡಿಮೆ ಸಾಕು. ಆದರೆ ಅವರು ಪೂರ್ತಿ ಲ್ಯಾಬಿನಲ್ಲೇ ಇರಬೇಕು, ಮೂರೂ ಲ್ಯಾಬಿನ ಪ್ರಾಕ್ಟಿಕಲ್ ಒಂದೇ ಹೊತ್ತಿಗೆ ಬೀಳದ ಹಾಗೆ ಟೈಮ್‌ಟೇಬಲ್ ಹಾಕಬೇಕು.

ಒಬ್ಬರೇ ಮೂರು ಲ್ಯಾಬ್ ನೋಡಿಕೊಳ್ಳುತ್ತಿದ್ದಾರೆ, ಎಲ್ಲಾ ನಡೀತಾ ಇದೆಯಲ್ಲ. ಸಮಸ್ಯೆ ಏನು?

ನಡೆಯುತ್ತಿದೆ ಅಂತ ಕಾಣಿಸುವುದು ಯಾಕೆಂದರೆ ಮೊದಲು ನಿಲ್ಲುವ ಕೆಲಸಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ಟಾಕ್ ಪರಿಶೀಲನೆ ನಿಲ್ಲುತ್ತದೆ. ರಿಪೇರಿ ಮುಂದಕ್ಕೆ ಹೋಗುತ್ತದೆ. ಹಳೆ ಕೆಮಿಕಲ್ ಹಾಗೇ ಬೀರುವಿನಲ್ಲಿ ಕೂರುತ್ತದೆ. ಆಮೇಲೆ ಉಪನ್ಯಾಸಕರು ತಯಾರಿ ಜಾಸ್ತಿ ಬೇಕಿರುವ ಪ್ರಯೋಗಗಳನ್ನು ಬಿಟ್ಟು ಸುಲಭದ್ದನ್ನೇ ಮಾಡಿಸತೊಡಗುತ್ತಾರೆ. ಕೊನೆಗೆ ನಾಲ್ಕೈದು ಮಕ್ಕಳಿಗೆ ಒಂದು ಸೆಟ್. ಒಬ್ಬ ಮಾಡುತ್ತಾನೆ, ಉಳಿದವರು ರೀಡಿಂಗ್ ಬರೆದುಕೊಳ್ಳುತ್ತಾರೆ.

ಸಾಲ್ಟ್ ಅನಾಲಿಸಿಸ್‌ನಲ್ಲಿ, ಅಂದರೆ ಕೊಟ್ಟ ಲವಣದಲ್ಲಿ ಏನಿದೆ ಅಂತ ಗ್ರೂಪ್ ಗ್ರೂಪಾಗಿ ಪರೀಕ್ಷಿಸಿ ಕಂಡುಹಿಡಿಯುವ ಪ್ರಯೋಗದಲ್ಲಿ, ಇದು ನೇರವಾಗಿ ಮಕ್ಕಳ ಅಂಕಕ್ಕೇ ಬರುತ್ತದೆ. ಅಮೋನಿಯಂ ಹೈಡ್ರಾಕ್ಸೈಡ್ ಬಾಟಲಿಯ ಮುಚ್ಚಳ ಸರಿಯಾಗಿ ಹಾಕದೆ ಕೆಲವು ದಿನ ಬಿಟ್ಟರೆ ಅಮೋನಿಯಾ ಹಾರಿಹೋಗಿ ದ್ರಾವಣ ಸಪ್ಪೆಯಾಗುತ್ತದೆ. ಅಲ್ಯೂಮಿನಿಯಂ ಸಾಲ್ಟ್ ಸಿಕ್ಕ ಹುಡುಗ ಅದನ್ನೇ ಹಾಕುತ್ತಾನೆ. ಅಂಟಂಟಾದ ಬಿಳಿ ಪ್ರೆಸಿಪಿಟೇಟ್ (ಗಸಿ) ಬರುವುದಿಲ್ಲ. ಅಲ್ಯೂಮಿನಿಯಂ ಸೇರುವ ಮೂರನೇ ಗ್ರೂಪ್ ಇಲ್ಲ ಅಂತ ಬರೆದು ನಾಲ್ಕನೇ ಗ್ರೂಪಿಗೆ ಹೋಗುತ್ತಾನೆ. ಅವನು ಪಾಠ ಕಲಿತಿದ್ದ, ಕ್ರಮವೂ ಸರಿ ಇತ್ತು. ಬಾಟಲಿ ಬದಲಾಯಿಸಲು ಯಾರಿಗೂ ಪುರುಸೊತ್ತು ಇರಲಿಲ್ಲ. ಪಿಯು ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಪ್ರತಿಯೊಂದರಲ್ಲೂ 100ರಲ್ಲಿ 30 ಅಂಕ ಪ್ರಾಕ್ಟಿಕಲ್‌ಗೆ ಅನ್ನೋದನ್ನು ಪೋಷಕರು ನೆನಪಿಟ್ಟುಕೊಳ್ಳಬೇಕು.

ಪ್ರಾಕ್ಟಿಕಲ್ ಇಲ್ಲದ ಹೊತ್ತಲ್ಲಿ ಅವರಿಗೆ ಆಫೀಸ್ ಕೆಲಸ ಕೊಟ್ಟರೆ ತಪ್ಪೇನು?

ಬೆಲ್ ಹೊಡೆಯೋದು, ಬ್ಯಾಂಕಿಗೆ ಹೋಗೋದು, ಸ್ಕಾಲರ್‌ಶಿಪ್ ಅರ್ಜಿ ಜೋಡಿಸೋದು, ಇಲಾಖೆ ಕಚೇರಿಗೆ ಫೈಲ್ ತಲುಪಿಸೋದು. ಸಿಬ್ಬಂದಿ ಕಡಿಮೆ ಇರುವಾಗ ಪ್ರಾಂಶುಪಾಲರಿಗೂ ಬೇರೆ ದಾರಿ ಇರುವುದಿಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೆ ಪ್ರಾಕ್ಟಿಕಲ್ ಇಲ್ಲದ ಹೊತ್ತು ಅಂದರೆ ಖಾಲಿ ಹೊತ್ತು ಅಲ್ಲ. ಪರ್ಮಾಂಗನೇಟ್ ಸೋಸುವುದು, ಬೇರು ಕತ್ತರಿಸುವುದು, ವೈರ್ ಉಜ್ಜುವುದು ಎಲ್ಲಾ ಆ ಹೊತ್ತಿನಲ್ಲೇ. ಹೊರಗಿನ ಕೆಲಸ ಕೊಡಲೇಬೇಕು ಅಂತಿದ್ದರೆ ವಾರಕ್ಕೆ ಎಷ್ಟು ಗಂಟೆ ಅಂತ ಮೊದಲೇ ಗೊತ್ತುಮಾಡಿ, ಅಷ್ಟು ಗಂಟೆಯನ್ನು ಲ್ಯಾಬಿನ ಲೆಕ್ಕದಿಂದ ಕಳೆಯಿರಿ. ಕಳೆದ ಮೇಲೂ ಅದೇ ಸಂಖ್ಯೆಯ ಪ್ರಯೋಗ ಆಗಬೇಕು ಅಂತ ನಿರೀಕ್ಷೆ ಮಾಡಬೇಡಿ.

ಪ್ರಾಯೋಗಿಕ ಪರೀಕ್ಷೆ ಸಮಯದಲ್ಲಿ ಏನು ವ್ಯವಸ್ಥೆ ಮಾಡಬೇಕು?

ಹೆಚ್ಚುವರಿ ಕೈ ಕೊಡಿ. ಒಂದೇ ದಿನ ಬ್ಯಾಚ್ ಮೇಲೆ ಬ್ಯಾಚ್ ಬರುವಾಗ ಮಧ್ಯದಲ್ಲಿ ತೊಳೆದು ಮತ್ತೆ ಜೋಡಿಸಲು ಸಮಯವೇ ಇರುವುದಿಲ್ಲ. ತೊಳೆಯುವುದಕ್ಕೆ ಬೇರೆ ವಿಭಾಗದವರು ಬರಬಹುದು. ದ್ರಾವಣ ತಯಾರಿ ಮಾತ್ರ ಗೊತ್ತಿರುವವರ ಕೈಯಲ್ಲೇ ಇರಲಿ, ಒಬ್ಬ ಉಪನ್ಯಾಸಕರು ಜೊತೆಗಿದ್ದು ತೂಕ ನೋಡಲಿ.

ಮಕ್ಕಳ ಕೈಯಲ್ಲೇ ತೊಳೆಸಿದರೆ ಕೆಲಸ ಕಮ್ಮಿ ಆಗಲ್ವಾ?

ತಾವು ಬಳಸಿದ್ದನ್ನು ತಾವೇ ತೊಳೆದಿಡುವುದು ಒಳ್ಳೆಯ ಅಭ್ಯಾಸ, ಖಂಡಿತ ಮಾಡಿಸಿ. ಕೊನೆಯ ಹತ್ತು ನಿಮಿಷ ಅದಕ್ಕೇ ಬಿಡಿ. ಆದರೆ ಆಸಿಡ್ ಡೈಲ್ಯೂಟ್ ಮಾಡುವುದು, ಕೆಮಿಕಲ್ ಬೀರು ಜೋಡಿಸುವುದು, ಚೆಲ್ಲಿದ್ದನ್ನು ಬಳಿಯುವುದು ಮಕ್ಕಳಿಗೆ ಕೊಡುವ ಕೆಲಸ ಅಲ್ಲ.

ಕೆಲಸದ ಒತ್ತಡಕ್ಕೂ ಸುರಕ್ಷತೆಗೂ ಏನು ಸಂಬಂಧ?

ತುಂಬಾ ಇದೆ. ಆತುರದಲ್ಲಿದ್ದಾಗಲೇ ಬಾಯಿಂದ ಪಿಪೆಟ್ ಎಳೆಯುವುದು, ಲೇಬಲ್ ಇಲ್ಲದ ಬಾಟಲಿಗೆ ತುಂಬಿಡುವುದು, ಆಸಿಡ್‌ಗೆ ನೀರು ಸುರಿಯುವುದು. ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಆಸಿಡ್ ಡೈಲ್ಯೂಟ್ ಮಾಡುವಾಗ ನೀರಿಗೆ ಆಸಿಡನ್ನು ನಿಧಾನವಾಗಿ, ಕಲಕುತ್ತಾ ಹಾಕಬೇಕು. ಉಲ್ಟಾ ಮಾಡಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೂ ಹೊರಗೆ ಬ್ಯಾಚ್ ಕಾಯುತ್ತಿರುವಾಗ ತಪ್ಪಾಗುತ್ತದೆ. ಕನ್ನಡಕ, ಗ್ಲೌಸ್, ಏಪ್ರನ್ ಕೊಡುವುದು ಕಾಲೇಜಿನ ಜವಾಬ್ದಾರಿ. ಪಿಪೆಟ್‌ಗೆ ರಬ್ಬರ್ ಬಲ್ಬ್ ಕೊಡಿ, ದೊಡ್ಡ ಬೆಲೆ ಏನೂ ಇಲ್ಲ.

ಕೆಮಿಕಲ್‌ಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಿರುವ ಬೀರುಗಳನ್ನು ನೋಡಿದ್ದೇನೆ. ಹುಡುಕುವುದು ಸುಲಭ ಅಂತ ಹಾಗೆ ಮಾಡುತ್ತಾರೆ. ಆದರೆ ನೈಟ್ರಿಕ್ ಆಸಿಡ್ ಪಕ್ಕದಲ್ಲಿ ಆಲ್ಕೋಹಾಲ್, ಅಸಿಟೋನ್ ಇರಬಾರದು. ಆಕ್ಸಿಡೈಸರ್ ಬೇರೆ, ಬೇಗ ಬೆಂಕಿ ಹತ್ತುವಂಥದ್ದು ಬೇರೆ, ಆಸಿಡ್ ಬೇರೆ. ಸೋಡಿಯಂ ಸೀಮೆಎಣ್ಣೆಯಲ್ಲಿ ಮುಳುಗಿಯೇ ಇರಬೇಕು. ಎಣ್ಣೆ ಇಳಿದಿದೆಯಾ ಅಂತ ಯಾರಾದರೂ ಆಗಾಗ ನೋಡಬೇಕಲ್ಲ, ಆ ಯಾರಾದರೂ ಅಂದರೆ ಲ್ಯಾಬ್ ಅಟೆಂಡರ್.

ಕಣ್ಣಿಗೆ ಕೆಮಿಕಲ್ ಬಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆದು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹಾಗಾಗಿ ಆಸಿಡ್ ಕೆಲಸ ಮಾಡುವಾಗ ಅಟೆಂಡರ್ ಒಬ್ಬರೇ ಇರಬಾರದು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಬ್ಬರು ಇರಲೇಬೇಕು.

ಈ ಕೆಲಸಕ್ಕೆ ಎಷ್ಟು ಓದಿರಬೇಕು?

ನವೋದಯ ವಿದ್ಯಾಲಯ ಸಮಿತಿ 2024ರಲ್ಲಿ ಬೋಧಕೇತರ ಹುದ್ದೆಗಳಿಗೆ ಅರ್ಜಿ ಕರೆದಾಗ ಲ್ಯಾಬ್ ಅಟೆಂಡೆಂಟ್ ಹುದ್ದೆಗೆ ಹತ್ತನೇ ತರಗತಿ ಜೊತೆಗೆ ಲ್ಯಾಬ್ ಟೆಕ್ನಿಕ್‌ನಲ್ಲಿ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ, ಇಲ್ಲವೇ ವಿಜ್ಞಾನದಲ್ಲಿ ಹನ್ನೆರಡನೇ ತರಗತಿ ಕೇಳಿತ್ತು. ಇದು ನ್ಯಾಯವಾದ ಅಳತೆ. ಮೋಲಾರಿಟಿ ಲೆಕ್ಕ, ಲೇಬಲ್ ಓದುವುದು, ರಿಜಿಸ್ಟರ್ ಬರೆಯುವುದು ಬರಬೇಕು.

ಈಗ ಕೆಲಸದಲ್ಲಿರುವವರಿಗೆ ಅಷ್ಟು ಓದು ಇಲ್ಲದಿದ್ದರೆ ಕಲಿಸಿ. ಬೇಸಿಗೆ ರಜೆಯ ನಂತರ, ಪ್ರಾಕ್ಟಿಕಲ್ ಶುರುವಾಗುವ ಮುಂಚೆ ಉಪನ್ಯಾಸಕರು ಜೊತೆಗೆ ಕೂತು ಎಲ್ಲ ದ್ರಾವಣಗಳನ್ನೂ ಒಂದು ಸಲ ಮಾಡಿಸಿದರೆ ಇಡೀ ವರ್ಷಕ್ಕೆ ಅನುಕೂಲ. ಲೀಟರಿಗೆ ಎಷ್ಟು ಗ್ರಾಂ, ಯಾವುದು ಮೊದಲು, ಎಷ್ಟು ದಿನ ಇಡಬಹುದು ಅಂತ ಕನ್ನಡದಲ್ಲಿ ಬರೆದು ಲ್ಯಾಮಿನೇಟ್ ಮಾಡಿ ತಯಾರಿ ಟೇಬಲ್ ಮೇಲೆ ಅಂಟಿಸಿ. ವರ್ಷಗಟ್ಟಲೆ ಈ ಕೆಲಸ ಮಾಡಿದವರಿಗೆ ಗೊತ್ತಿರುವ ಎಷ್ಟೋ ವಿಷಯ ಹೊಸ ಉಪನ್ಯಾಸಕರಿಗೆ ಗೊತ್ತಿರುವುದಿಲ್ಲ. ಅವರನ್ನೂ ಕೇಳಿ ಆ ಪಟ್ಟಿಗೆ ಸೇರಿಸಿ.

ಹೈಸ್ಕೂಲಿನಲ್ಲಿ ಲ್ಯಾಬ್ ಅಟೆಂಡರೇ ಇಲ್ಲ. ಏನು ಮಾಡೋದು?

ಬಹಳಷ್ಟು ಕಡೆ ವಿಜ್ಞಾನ ಶಿಕ್ಷಕರೇ ಎಲ್ಲ ಮಾಡಬೇಕು. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಲಿಖಿತ, 20 ಆಂತರಿಕ. ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಯ ಒತ್ತಡ ಇಲ್ಲದ್ದರಿಂದ ಪ್ರಯೋಗ ಕೈಬಿಡುವುದು ಸುಲಭವಾಗಿಬಿಟ್ಟಿದೆ. ಶಿಕ್ಷಕರಿಗೆ ವಾರದಲ್ಲಿ ಎರಡು ಪೀರಿಯಡ್ ತಯಾರಿಗೆ ಅಂತಲೇ ಟೈಮ್‌ಟೇಬಲ್‌ನಲ್ಲಿ ಬಿಟ್ಟುಕೊಟ್ಟರೆ ದೊಡ್ಡ ಬದಲಾವಣೆ ಆಗುತ್ತದೆ. ಹತ್ತಿರದಲ್ಲೇ ಪಿಯು ಕಾಲೇಜು ಇದ್ದರೆ ದ್ರಾವಣ ಅಲ್ಲಿಂದ ತರಿಸಿಕೊಳ್ಳಬಹುದು.

ಕಂಪ್ಯೂಟರಿನಲ್ಲೇ ವರ್ಚುವಲ್ ಲ್ಯಾಬ್ ಇದೆಯಲ್ಲ, ಸಿಬ್ಬಂದಿ ಯಾಕೆ?

ಅಮೃತ ವಿಶ್ವವಿದ್ಯಾಪೀಠ ಮತ್ತು ಸಿ-ಡ್ಯಾಕ್ ಸೇರಿ ಮಾಡಿರುವ ಓಲ್ಯಾಬ್ಸ್ ಚೆನ್ನಾಗಿದೆ. ಪ್ರಯೋಗಕ್ಕೆ ಮುಂಚೆ ಒಮ್ಮೆ ತೋರಿಸಿದರೆ ಮಕ್ಕಳಿಗೆ ಕ್ರಮ ಗೊತ್ತಾಗುತ್ತದೆ. ಆದರೆ ಕೊನೆಯ ಒಂದು ಹನಿಗೆ ಫ್ಲಾಸ್ಕ್ ತಿಳಿ ಗುಲಾಬಿ ಆಗುವ ಕ್ಷಣದಲ್ಲಿ ಸ್ಟಾಪ್‌ಕಾಕ್ ನಿಲ್ಲಿಸುವುದನ್ನು ಮೌಸ್ ಕಲಿಸುವುದಿಲ್ಲ. ಪರೀಕ್ಷೆಯೂ ನಿಜವಾದ ಬ್ಯುರೆಟ್‌ನಲ್ಲೇ ನಡೆಯುತ್ತದೆ.

ಹುದ್ದೆ ಕೇಳಿ ಎಷ್ಟು ಪತ್ರ ಬರೆದರೂ ಉತ್ತರ ಇಲ್ಲ. ಹೇಗೆ ಕೇಳಬೇಕು?

ಸಿಬ್ಬಂದಿ ಕೊರತೆ ಇದೆ, ದಯವಿಟ್ಟು ಒದಗಿಸಿ ಅಂತ ಎಲ್ಲ ಕಾಲೇಜಿನವರೂ ಬರೆಯುತ್ತಾರೆ. ನೀವು ಗಂಟೆಗಳನ್ನು ಬರೆಯಿರಿ.

ಮೊದಲು ಒಂದು ನೋಟ್‌ಬುಕ್ ಶುರು ಮಾಡಿ. ಉಪನ್ಯಾಸಕರು ಪ್ರಯೋಗಕ್ಕೆ ಎರಡು ದಿನ ಮುಂಚೆ ಅದರಲ್ಲಿ ಬರೆಯಬೇಕು: ಯಾವ ಪ್ರಯೋಗ, ಯಾವ ಬ್ಯಾಚ್, ಎಷ್ಟು ಮಕ್ಕಳು, ಏನೇನು ಬೇಕು. ಪಕ್ಕದಲ್ಲಿ ಅಟೆಂಡರ್ ತಯಾರಿಗೆ ಎಷ್ಟು ಹೊತ್ತು ಹಿಡಿಯಿತು, ತೊಳೆದಿಡಲು ಎಷ್ಟು, ಹೊರಗಿನ ಕೆಲಸಕ್ಕೆ ಎಷ್ಟು ಹೋಯಿತು ಅಂತ ಬರೆಯಬೇಕು. ಕೈಬಿಟ್ಟ ಪ್ರಯೋಗ ಇದ್ದರೆ ಅದನ್ನೂ, ಕಾರಣವನ್ನೂ ದಾಖಲಿಸಿ. ಈ ಪುಸ್ತಕ ಅಟೆಂಡರ್ ಮೇಲೆ ಕಣ್ಣಿಡಲು ಅಲ್ಲ ಅಂತ ಅವರಿಗೆ ಮೊದಲೇ ಸ್ಪಷ್ಟವಾಗಿ ಹೇಳಿ. ಹೇಳದಿದ್ದರೆ ಅವರು ಸಹಜವಾಗಿಯೇ ಗಾಬರಿಯಾಗುತ್ತಾರೆ.

ಒಂದು ತಿಂಗಳಾದ ಮೇಲೆ ಕೂಡಿ ಹಾಕಿ. ಸೆಕ್ಷನ್, ಬ್ಯಾಚ್, ಪಾಠದ ಗಂಟೆ, ಸಿಬ್ಬಂದಿ ಗಂಟೆ, ಎರಡರ ಅನುಪಾತ, ಕೈಬಿಟ್ಟ ಪ್ರಯೋಗಗಳ ಪಟ್ಟಿ. ಎಲ್ಲವೂ ಒಂದೇ ಪುಟದಲ್ಲಿ ಬರಲಿ. ಅದನ್ನು ಕಾಲೇಜು ಅಭಿವೃದ್ಧಿ ಸಮಿತಿ ಸಭೆಯಲ್ಲಿ ಓದಿ ನಡಾವಳಿಯಲ್ಲಿ ಸೇರಿಸಿ. ಕ್ಷೇತ್ರದ ಶಾಸಕರು ಆ ಸಭೆಗೆ ಬಂದರೆ ಅವರ ಕೈಗೇ ಒಂದು ಪ್ರತಿ ಕೊಡಿ. ಆಮೇಲೆ ಜಿಲ್ಲಾ ಉಪನಿರ್ದೇಶಕರಿಗೆ ಪತ್ರ ಬರೆಯುವಾಗ ನಡಾವಳಿಯ ಪ್ರತಿಯನ್ನೂ ಆ ಪುಟವನ್ನೂ ಲಗತ್ತಿಸಿ. ಕಾಯಂ ಹುದ್ದೆ ಸಿಗುವ ತನಕ ಹೊರಗುತ್ತಿಗೆಯಲ್ಲಿ ಒಬ್ಬರನ್ನು ಕೊಡಿ ಅಂತ ಅದೇ ಪತ್ರದಲ್ಲಿ ಕೇಳಿ. ಹಾಗೆ ಬಂದವರಿಗೆ ಯಾವ ಲ್ಯಾಬ್, ವಾರಕ್ಕೆ ಎಷ್ಟು ಗಂಟೆ ಅನ್ನೋದು ಆದೇಶದಲ್ಲೇ ನಮೂದಾಗುವ ಹಾಗೆ ನೋಡಿಕೊಳ್ಳಿ.